ಕೊಟ್ಟದ್ದು ಸಾಲದಾದಾಗ ಮತ್ತೆ ಕೇಳುವುದು

ಪ್ರತಿ ವರ್ಷ ಸಿಇಟಿ ಸೀಟು ಹಂಚಿಕೆ ಮುಗಿದು, ಕಾಲೇಜುಗಳು ಶುಲ್ಕದ ಗಡುವು ಹೇಳುವ ಹೊತ್ತಿಗೆ, ನಮ್ಮ ಮದ್ರಸದ ಬಾಗಿಲಿಗೆ ಕೆಲವು ತಂದೆ-ತಾಯಂದಿರು ಬರುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸುತ್ತಲ ಊರುಗಳವರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಗುವಿನ ಅಂಕಪಟ್ಟಿ, ಆಧಾರ್ ಕಾರ್ಡು, ಆದಾಯ ಪ್ರಮಾಣಪತ್ರ. ಅವರು ನಮ್ಮಿಂದ ಹಣ ಕೇಳುವುದಿಲ್ಲ. ಮದ್ರಸದ ಶಿಕ್ಷಕನ ಬಳಿ ಎಷ್ಟಿರುತ್ತದೆಂಬುದು ಅವರಿಗೆ ಗೊತ್ತು. ಅವರು ಕೇಳುವುದು ಒಂದು ಮಸ್‌ಅಲೆಯನ್ನು. ಕಾಲೇಜಿನವರೋ ಟ್ರಸ್ಟಿನವರೋ ಸ್ವಲ್ಪ ನೆರವು ಕೊಟ್ಟಿದ್ದಾರೆ, ಅದು ಸಾಲದು. ಕೊಟ್ಟವರ ಬಳಿಗೇ ಮತ್ತೆ ಹೋಗಿ 'ಇದು ಸಾಲದು' ಎನ್ನುವುದು ನಾಶುಕ್ರಿ ಆಗುವುದಿಲ್ಲವೇ?

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕೇಳುವುದಕ್ಕೆ ನಾಚುವ ಸಮುದಾಯವು ಅಲ್ಲಾಹನ ಬಳಿ ಗೌರವವುಳ್ಳ ಸಮುದಾಯವೇ. ಆದರೆ ಎಲ್ಲ ಕೇಳಿಕೆಯೂ ಒಂದೇ ಬಗೆಯದಲ್ಲ. ಆದಾಯ ಕಳೆದುಕೊಂಡ ಕುಟುಂಬವೊಂದು ತನ್ನ ಈಗಿನ ಸ್ಥಿತಿಯನ್ನು ಪುರಾವೆಯೊಡನೆ ಮುಂದಿಟ್ಟು, ತೀರ್ಮಾನವನ್ನು ಮರುಪರಿಶೀಲಿಸಿರಿ ಎಂದು ಬರೆಯುವುದು ಭಿಕ್ಷೆಯಲ್ಲ ಎಂಬುದು ನಮ್ಮ ಅಭಿಪ್ರಾಯ. ಹಾಗೇಕೆ ಎನ್ನುವುದಕ್ಕೆ ನಾವು ಹತ್ತಿರದಿಂದ ಕಂಡ ಒಂದು ಕುಟುಂಬದ ವಿಷಯ ಹೇಳಬೇಕು. ಅವರ ಹೆಸರೂ ಊರೂ ಇಲ್ಲಿ ಬೇಡ.

ಹುನಗುಂದ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಮನೆಯೊಳಗೇ ಎರಡು ಕುಣಿಮಗ್ಗಗಳು. ಇಳಕಲ್ಲಿನ ಸಾಹುಕಾರರು ನೂಲು ಕೊಡುತ್ತಿದ್ದರು, ತಂದೆ ಸೀರೆ ನೇಯ್ದು ಕೊಡುತ್ತಿದ್ದರು. ಇಳಕಲ್ ಸೀರೆಯ ಮೈಯ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಕೆಲಸದಲ್ಲಿ ತಾಯಿಯ ಕೈ ಚುರುಕು. ಮಗಳು ಓದುತ್ತಲೇ ಕಂಡಿಕೆ ಸುತ್ತುತ್ತಿದ್ದಳು. ದೊಡ್ಡ ಮಗನಿಗೆ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕವೊಂದರಲ್ಲಿ ಕೆಲಸವಿತ್ತು. ಬಡತನವೆಂದರೆ ಬಡತನವೇ, ಆದರೆ ಯಾರ ಮುಂದೆಯೂ ಕೈಯೊಡ್ಡದ ಬಡತನ. 2019ರ ಜೂನ್‌ನಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಿದಾಗ ಮನೆಯವರೆಲ್ಲರ ದುಡಿಮೆ ಕೂಡಿಸಿ ವರ್ಷಕ್ಕೆ 2,60,000 ರೂಪಾಯಿ ಎಂದು ಬರೆಯಲಾಯಿತು. ಸುಳ್ಳೇನೂ ಅಲ್ಲ.

ಆ ಕಾಗದ ಕೈಗೆ ಬಂದ ಎರಡು ತಿಂಗಳಿಗೆ, ಆಗಸ್ಟ್‌ನಲ್ಲಿ, ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳನ್ನೆಲ್ಲ ನುಗ್ಗಿತು. ಬಾದಾಮಿ ತಾಲೂಕಿನ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿಯೂ ನೀರು ನಿಂತದ್ದನ್ನು ಓದುಗರು ಮರೆತಿರಲಾರರು. ಕುಣಿಮಗ್ಗವೆಂದರೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗ. ಮನೆಗೆ ನೀರು ಹೊಕ್ಕರೆ ಮೊದಲು ತುಂಬುವುದು ಅದೇ ಕುಣಿ. ನೀರು ಇಳಿದ ಮೇಲೆ ಉಳಿದದ್ದು ಕೆಸರು, ಕೊಳೆತ ಹಾಸು, ಬಿರಿದ ಮರ. ಹಾಳಾದ ನೂಲು ಸಾಹುಕಾರರದು, ಆದ್ದರಿಂದ ಅದರ ಬಾಕಿಯೂ ತಲೆಯ ಮೇಲೆ. ಮುಂದಿನ ವರ್ಷದ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಿತು, ಮಗನ ಕೆಲಸವೂ ಹೋಯಿತು. ತಂದೆ ಇಳಕಲ್ಲಿಗೆ ಹೋಗಿ ಹಮಾಲಿಗೆ ನಿಂತರು. ನಲವತ್ತೆಂಟರ ವಯಸ್ಸಿನಲ್ಲಿ ಲಾಳಿ ಹಿಡಿದ ಕೈ ಚೀಲ ಹೊರಲು ಕಲಿಯಿತು.

ಆದರೆ ಕಾಗದದಲ್ಲಿ ಏನೂ ಆಗಿರಲಿಲ್ಲ. ನಮ್ಮ ರಾಜ್ಯದಲ್ಲಿ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಮಾನ್ಯತೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅದರ ಆರ್‌ಡಿ ಸಂಖ್ಯೆ ಹಾಕಿದರೆ ಕಂಪ್ಯೂಟರು ಅದರಲ್ಲಿರುವ ಮೊತ್ತವನ್ನೇ ಎತ್ತಿ ತೋರಿಸುತ್ತದೆ. 2022ರಲ್ಲಿ ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅವಳ ಕುಟುಂಬದ ಆದಾಯ ಇನ್ನೂ 2,60,000! ವಿದ್ಯಾರ್ಥಿವೇತನದ ಮಿತಿಗಿಂತ ತುಸು ಮೇಲೆ. ಕಾಲೇಜಿಗೆ ಹೊಂದಿದ ಟ್ರಸ್ಟೊಂದು ಅದೇ ಕಾಗದವನ್ನು ನೋಡಿ 15,000 ರೂಪಾಯಿ ಮಂಜೂರು ಮಾಡಿತು. ವರ್ಷದ ಖರ್ಚು 68,000. ಮನೆಯವರು ಹೇಗೋ ಹೊಂದಿಸಬಲ್ಲದ್ದು 12,000. ಉಳಿದ 41,000ಕ್ಕೆ ದಾರಿಯಿಲ್ಲ.

ಅದೇ ಚಳಿಗಾಲದಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತ ಮಕ್ಕಳ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು ಎಂಟನೆಯ ತರಗತಿಯವರೆಗೆ ನಿಲ್ಲಿಸಿತ್ತು, ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ಕೊನೆಗೊಳಿಸಿತ್ತು. ಅವೆರಡೂ ಈ ಹುಡುಗಿಗೆ ನೇರವಾಗಿ ತಟ್ಟಿದವುಗಳಲ್ಲ. ಆದರೂ ಹಳ್ಳಿಯಲ್ಲಿ ಹಬ್ಬಿದ ಮಾತು 'ಇನ್ನು ನಮ್ಮ ಮಕ್ಕಳಿಗೆ ಏನೂ ಸಿಗೋದಿಲ್ಲ' ಎಂಬುದು. ತಾಯಿ ಮಗಳನ್ನು ಮನೆಯಲ್ಲಿ ಕೂಡಿಸಿಕೊಳ್ಳುವ ಮನಸ್ಸು ಮಾಡಿದ್ದರು. 'ಒಂದು ವರ್ಷ ಹೊಲಿಗಿ ಕಲೀಲಿ ಬಿಡ್ರಿ ಹಜ್ರತ್, ಆಮ್ಯಾಗ ನೋಡೋಣಂತ' ಎಂದರು. ಆಮೇಲೆ ಎಂಬುದು ನಮ್ಮ ಹೆಣ್ಣುಮಕ್ಕಳ ಬಾಳಿನಲ್ಲಿ ಸಾಮಾನ್ಯವಾಗಿ ಬಾರದ ದಿನ.

ತಂದೆಯ ತಕರಾರು ಬೇರೆ. 'ನಾವು ಕೇಳ್ಕೊಂಡು ತಿಂದ ಮಂದಿ ಅಲ್ರೀ. ಹದಿನೈದು ಸಾವಿರ ಕೊಟ್ಟಾರ, ಅವರಿಗೆ ಅಲ್ಲಾಹ ಒಳ್ಳೇದು ಮಾಡ್ಲಿ. ಮತ್ತ ಯಾವ ಮುಖ ಇಟ್ಕೊಂಡು ಹೋಗ್ಲಿ?' ಅವರು ಒಂದು ಹದೀಸನ್ನೂ ನೆನಪಿಸಿದರು: ಜನರನ್ನು ಬೇಡುವುದಕ್ಕಿಂತ ಹಗ್ಗ ಹಿಡಿದು ಹೋಗಿ ಕಟ್ಟಿಗೆಯ ಹೊರೆ ತಂದು ಮಾರುವುದು ಲೇಸು ಎಂಬ ಪ್ರವಾದಿವರ್ಯರ(ಸ) ಬೋಧನೆ. ಅದು ಸತ್ಯ. ಆದರೆ ಅವರು ಹಗ್ಗ ಹಿಡಿದಾಗಿತ್ತು, ಹೊರೆಯೂ ಹೆಗಲ ಮೇಲಿತ್ತು. ಹೊರೆ ಹೊತ್ತವನ ಗಳಿಕೆ ಮಗಳ ಶುಲ್ಕಕ್ಕೆ ಸಾಲದಿದ್ದರೆ ಆಮೇಲೇನು ಎಂಬುದಕ್ಕೆ ಬೇರೊಂದು ಹದೀಸ್ ಇದೆ.

ಸಹೀಹ್ ಮುಸ್ಲಿಮ್‌ನ ಝಕಾತ್ ಅಧ್ಯಾಯದಲ್ಲಿ ಕಬೀಸಾ ಇಬ್ನ್ ಮುಖಾರಿಕ್(ರ) ಅವರ ವರದಿಯಿದೆ. ಜನರ ನಡುವಿನ ಜಗಳ ತೀರಿಸಲು ತಾವು ಹೊಣೆ ಹೊತ್ತಿದ್ದ ಹಣಕ್ಕಾಗಿ ಅವರು ಪ್ರವಾದಿವರ್ಯರ(ಸ) ಬಳಿಗೆ ನೆರವು ಕೇಳಿ ಬರುತ್ತಾರೆ. ಪ್ರವಾದಿವರ್ಯರು(ಸ) ಗದರಿಸಿ ಕಳುಹಿಸುವುದಿಲ್ಲ. ಸದಕದ ಹಣ ಬರುವವರೆಗೆ ಇಲ್ಲೇ ಇರಲು ಹೇಳುತ್ತಾರೆ. ಆಮೇಲೆ ಕೇಳುವುದು ಯಾರಿಗೆ ಸಲ್ಲುತ್ತದೆ ಎಂಬುದನ್ನು ವಿವರಿಸುತ್ತಾರೆ. ಮೂವರಿಗೆ. ಇತರರಿಗಾಗಿ ಹಣದ ಹೊಣೆ ಹೊತ್ತವನಿಗೆ. ವಿಪತ್ತೊಂದು ಬಂದು ಸೊತ್ತೆಲ್ಲ ನಾಶವಾದವನಿಗೆ, ಬದುಕಿಗೆ ಆಧಾರ ಸಿಗುವವರೆಗೆ. ಹಾಗೂ ಬಡತನಕ್ಕೆ ಬಿದ್ದವನಿಗೆ, ಅವನ ಜನರಲ್ಲಿ ವಿವೇಕವುಳ್ಳ ಮೂವರು ಎದ್ದುನಿಂತು ಹೌದು, ಇವನು ನಿಜಕ್ಕೂ ಕಷ್ಟಕ್ಕೆ ಸಿಕ್ಕಿದ್ದಾನೆ ಎಂದು ಸಾಕ್ಷಿ ಹೇಳಿದಾಗ. ಇದರ ಹೊರತು ಕೇಳಿ ಪಡೆದದ್ದು ನಿಷಿದ್ಧ ಗಳಿಕೆ.

ಮದ್ರಸದಲ್ಲಿ ಈ ಹದೀಸನ್ನು ಓದುವಾಗ ನಮ್ಮ ಗುರುಗಳು ಒಂದು ಸೂಕ್ಷ್ಮವನ್ನು ತೋರಿಸಿಕೊಟ್ಟಿದ್ದರು. ಎರಡನೆಯವನಿಗೆ ಸಾಕ್ಷಿ ಬೇಕೆಂದು ಹೇಳಿಲ್ಲ, ಮೂರನೆಯವನಿಗೆ ಬೇಕೆಂದಿದೆ. ಏಕೆ? ಪ್ರವಾಹವನ್ನು, ಬೆಂಕಿಯನ್ನು ಊರೆಲ್ಲ ಕಂಡಿರುತ್ತದೆ. ಆದರೆ ನಿನ್ನೆಯವರೆಗೆ ಉಳ್ಳವನೆಂದು ಹೆಸರಾದವನ ಮನೆಯೊಳಗೆ ಸದ್ದಿಲ್ಲದೆ ಇಳಿದ ಕೊರತೆ ಹೊರಗಿನವರಿಗೆ ಕಾಣುವುದಿಲ್ಲ. ಅದಕ್ಕೆ ಅವನನ್ನು ಬಲ್ಲವರ ಮಾತು ಬೇಕು. ನಮ್ಮ ಈ ನೇಕಾರರಿಗೆ ಎರಡೂ ಆಗಿದ್ದವು: ಕಂಡ ಪ್ರವಾಹವೂ ಕಾಣದ ಕೊರತೆಯೂ. ಟ್ರಸ್ಟಿನವರು ಕಟುಕರಲ್ಲ. ಅವರ ಮುಂದೆ ಸಾಕ್ಷಿಯೇ ಇರಲಿಲ್ಲ. ಇದ್ದದ್ದು 2019ರ ಜೂನ್ ಒಂದೇ. ಅವರಿಗೆ ಸಾಕ್ಷಿ ಒದಗಿಸುವುದು ಅವರನ್ನು ದೂರುವುದೂ ಅಲ್ಲ, ಕೊಟ್ಟದ್ದನ್ನು ಹೀಗಳೆಯುವುದೂ ಅಲ್ಲ ಎಂದು ಹೇಳಿದಾಗ ಆ ಮನುಷ್ಯ ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ 'ಮೂವರು ಯಾರ್ಯಾರನ್ನ ಕೇಳೋಣ್ರಿ?' ಎಂದರು.

ಮೊದಲ ಕೆಲಸ ಹೊಸ ಆದಾಯ ಪ್ರಮಾಣಪತ್ರ. ಐದು ವರ್ಷ ಮುಗಿಯುವವರೆಗೆ ಹೊಸದನ್ನು ಕೇಳುವಂತಿಲ್ಲವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ಅದು ಹಾಗಲ್ಲ. ಆದಾಯ ಇಳಿದಿದ್ದರೆ ನಾಡಕಚೇರಿಯಲ್ಲಿ ಹೊಸದಾಗಿ ಅರ್ಜಿ ಹಾಕಬಹುದು. ಇವರು ಹಾಕಿದರು. ಸ್ಥಳಕ್ಕೆ ಯಾರೂ ಬರಲಿಲ್ಲ; ಹಳೆಯ ಮೊತ್ತವನ್ನೇ ಮತ್ತೆ ಬರೆದ ಕಾಗದ ಬಂದಿತು. ಇಲ್ಲಿಗೆ ಬಿಟ್ಟುಬಿಡುವವರೇ ಹೆಚ್ಚು. ಆದರೆ 2011ರ ಕಾಯ್ದೆಯಿಂದ ಬಂದ 'ಸಕಾಲ' ಎಂಬ ವ್ಯವಸ್ಥೆ ಇರುವುದು ಇಂಥದ್ದಕ್ಕೇ. ಅರ್ಜಿಗೆ ಕೊಡುವ ಸ್ವೀಕೃತಿ ಚೀಟಿಯಲ್ಲಿ ಒಂದು ಸಂಖ್ಯೆಯೂ ಕೆಲಸ ಮುಗಿಯಬೇಕಾದ ದಿನಾಂಕವೂ ಇರುತ್ತವೆ. ಅರ್ಜಿ ತಿರಸ್ಕೃತವಾದರೆ, ಅವಧಿ ಮೀರಿದರೆ, ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಎರಡನೆಯದು. ಇವರ ಅರ್ಜಿ ತಿರಸ್ಕೃತವಾಗಿರಲಿಲ್ಲ, ತಪ್ಪು ಮೊತ್ತ ಬಂದಿತ್ತು; ಆದ್ದರಿಂದ ಮೇಲಿನ ಅಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ಥಳ ತನಿಖೆ ಕೇಳಿದೆವು. ಆ ಚೀಟಿಯನ್ನು ಕಳೆದುಕೊಳ್ಳಬೇಡಿರಿ ಎಂದು ನಾವು ಮಕ್ಕಳಿಗೆ ಪಾಠದಂತೆ ಹೇಳುತ್ತೇವೆ.

ಆ ನಡುವೆ ಝೆರಾಕ್ಸ್ ಅಂಗಡಿಯಲ್ಲಿ ಯಾರೋ ಒಬ್ಬರು ತಂದೆಗೆ ಉಪಾಯ ಹೇಳಿಕೊಟ್ಟರು: ಐದುನೂರು ಕೊಡಿ, ಮೂವತ್ತು ಸಾವಿರ ಅಂತ ಬರೆಸಿಕೊಡುತ್ತೇವೆ. ಅವರು ಅದನ್ನು ಮುಚ್ಚಿಡದೆ ನಮ್ಮ ಬಳಿ ಬಂದು ಹೇಳಿದರು. ಕುರ್‌ಆನಿನ ಅನ್ನಿಸಾ ಅಧ್ಯಾಯದ 135ನೇ ವಚನವು ಸತ್ಯವು ನಮಗೇ ವಿರುದ್ಧವಾಗಿದ್ದರೂ ಅದಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆಂದು ಕಲಿಸುತ್ತದೆ. ಇಲ್ಲಿ ಸತ್ಯವು ಇವರಿಗೆ ವಿರುದ್ಧವೂ ಆಗಿರಲಿಲ್ಲ. ಹಮಾಲಿಯ ಕೂಲಿಯನ್ನು ದಿನಗಳ ಲೆಕ್ಕ ಹಾಕಿ ಕೂಡಿಸಿದಾಗ ವರ್ಷಕ್ಕೆ 96,000 ಬಂದಿತು. ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು, ಮಣ್ಣು ತುಂಬಿದ್ದ ಕುಣಿಗಳನ್ನು ನೋಡಿ, ನೆರೆಯವರನ್ನು ವಿಚಾರಿಸಿ ಅದನ್ನೇ ಬರೆದರು. ಇದ್ದದ್ದನ್ನು ಇದ್ದಂತೆ ಹೇಳಿದವನಿಗೆ ವಿಚಾರಣೆಯ ಭಯವಿರುವುದಿಲ್ಲ. ಸುಳ್ಳು ಕಾಗದ ಮಾಡಿಸಿದವನು ಸಿಕ್ಕಿಬಿದ್ದಾಗ ಮುಂದಿನ ಹತ್ತು ನಿಜವಾದ ಬಡ ಮಕ್ಕಳ ಕಾಗದವನ್ನೂ ಅನುಮಾನದಿಂದ ನೋಡುತ್ತಾರೆ, ಅದೂ ಅವನ ಲೆಕ್ಕಕ್ಕೇ ಸೇರುತ್ತದೆ.

ಇನ್ನು ಟ್ರಸ್ಟಿಗೆ ಬರೆಯಬೇಕಾದ ಪತ್ರ. ತಂದೆ ತಾವೇ ಎರಡು ಪುಟ ಬರೆದು ತಂದಿದ್ದರು. ದಯಾಳುಗಳು, ದಾನಶೂರರು, ತಮ್ಮ ಪಾದಕ್ಕೆ ಬಿದ್ದು ಬೇಡುತ್ತೇನೆ. ಪತ್ರದ ತುಂಬ ಅದೇ. ಪ್ರವಾಹದ ದಿನಾಂಕವೇ ಇರಲಿಲ್ಲ. ಕನ್ನಡ ಬಿ.ಎ. ಓದಿದ್ದರಿಂದ ನಮಗೆ ಆದ ಉಪಯೋಗಗಳಲ್ಲಿ ಇದೂ ಒಂದು: ಬೇಡುವ ಮಾತನ್ನು ತೆಗೆದು ಹೇಳುವ ಮಾತನ್ನು ಇರಿಸುವುದು. ಒಂದೇ ಪುಟದಲ್ಲಿ ಮುಗಿಸಿದೆವು. ಮೊದಲು ಕೊಟ್ಟ 15,000ಕ್ಕೆ ಕೃತಜ್ಞತೆ, ಒಂದೇ ವಾಕ್ಯದಲ್ಲಿ. ಆ ತೀರ್ಮಾನಕ್ಕೆ ಆಧಾರವಾದ ಪ್ರಮಾಣಪತ್ರ 2019ರ ಜೂನ್ ತಿಂಗಳದು ಎಂಬ ಮಾತು. ಅನಂತರ ಆದದ್ದು, ತಿಂಗಳು ವರ್ಷದೊಡನೆ. ಈಗಿನ ಆದಾಯ. ವರ್ಷದ ಖರ್ಚು ಇಷ್ಟು, ತಾವು ಕೊಟ್ಟದ್ದು ಇಷ್ಟು, ನಾವು ಕಟ್ಟಬಲ್ಲದ್ದು ಇಷ್ಟು, ಕಡಿಮೆ ಬಿದ್ದದ್ದು 41,000. ಪೂರ್ತಿ ಕೊಡಿ ಎಂದಲ್ಲ. ಹೊಸ ಆದಾಯದ ಮೇಲೆ ಮತ್ತೊಮ್ಮೆ ಪರಿಶೀಲಿಸಿ, ಉಳಿದದ್ದನ್ನು ಕಂತುಗಳಲ್ಲಿ ಕಟ್ಟಲು ಅನುಮತಿ ಕೊಡಿಸಿ ಎಂದು. ಕೆಳಗೆ ಹುಡುಗಿಯದೇ ಸಹಿ. ಹದಿನೆಂಟು ತುಂಬಿದವಳು, ಓದುವವಳೂ ಅವಳೇ.

ಪತ್ರದ ಜೊತೆಗೆ ಹೊಸ ಪ್ರಮಾಣಪತ್ರ, ಪ್ರವಾಹದ ಪಂಚನಾಮೆಯ ಪ್ರತಿ, ಆಗ ಸರಕಾರ ಕೊಟ್ಟ 10,000 ರೂಪಾಯಿ ಪರಿಹಾರ ಜಮೆಯಾದ ಪಾಸ್‌ಬುಕ್ಕಿನ ಪುಟ. ಮತ್ತು ಮೂರು ಸಾಕ್ಷಿಪತ್ರಗಳು. ಒಂದು ನಮ್ಮ ಜಮಾಅತಿನ ಹಿರಿಯರದು. ಇನ್ನೊಂದು ಆಕೆ ಓದಿದ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರದು. ಮೂರನೆಯದು ನೂಲು ಕೊಡುತ್ತಿದ್ದ ಸಾಹುಕಾರರದು. ಅವರು ನಮ್ಮ ಧರ್ಮದವರಲ್ಲ. ಅವರಿಗೆ ಬರಬೇಕಾದ ನೂಲಿನ ಬಾಕಿಯೂ ಪೂರ್ತಿ ತೀರಿರಲಿಲ್ಲ. ಹೋಗಲು ತಂದೆಗೆ ಅಳುಕು. ಆದರೆ ಸಾಹುಕಾರರು ತಮ್ಮ ಹಳೆಯ ವಹಿ ತೆರೆದು, 2018ರಲ್ಲಿ ತಿಂಗಳಿಗೆ ಎಷ್ಟು ಸೀರೆ ಬರುತ್ತಿದ್ದವು, 2019ರ ಆಗಸ್ಟ್ ನಂತರ ಒಂದೂ ಬಂದಿಲ್ಲ ಎಂಬುದನ್ನು ಸ್ವಂತ ಕೈಯಿಂದ ಬರೆದುಕೊಟ್ಟರು. ಮೂರರಲ್ಲಿ ಅತ್ಯಂತ ತೂಕದ ಸಾಕ್ಷಿ ಅದೇ ಎಂದು ನಮಗೆ ಇಂದಿಗೂ ಅನ್ನಿಸುತ್ತದೆ. ಹದೀಸಿನಲ್ಲಿ ಹೇಳಿದ 'ಅವನ ಜನ' ಎಂಬುದು ಅವನ ಸ್ಥಿತಿಯನ್ನು ಬಲ್ಲ ಜನ ಎಂದೇ ನಾವು ತಿಳಿಯುತ್ತೇವೆ.

ಇಪ್ಪತ್ತೆರಡು ದಿನ ಉತ್ತರವಿಲ್ಲ. ತಂದೆ ಒಮ್ಮೆ ಹೋಗಿ ವಿಚಾರಿಸಿ ಬಂದರು. ಸಭೆ ಆಗಬೇಕು ಎಂದರಂತೆ. ಮನೆಯಲ್ಲಿ ಹೊಲಿಗೆಯಂತ್ರದ ಮಾತು ಮತ್ತೆ ಎದ್ದಿತು. ಅಷ್ಟರಲ್ಲಿ ಪತ್ರ ಬಂದಿತು: ನೆರವನ್ನು 35,000ಕ್ಕೆ ಏರಿಸಲಾಗಿದೆ, ಉಳಿದದ್ದನ್ನು ಎರಡು ಕಂತುಗಳಲ್ಲಿ ಕಟ್ಟಬಹುದು. ಇನ್ನೂ 21,000 ಕೊರತೆ. ಅದರಲ್ಲಿ 10,000 ನಮ್ಮ ಜಮಾಅತಿನ ಝಕಾತ್‌ನಿಂದ ಆಯಿತು.

ಅದೂ ಸುಲಭದಲ್ಲಿ ಆಗಲಿಲ್ಲ ಎಂಬುದನ್ನು ಹೇಳಲೇಬೇಕು. ಎರಡು ಮಗ್ಗದ ಮಾಲೀಕನಿಗೆ ಝಕಾತ್ ಹೇಗೆ ಸಲ್ಲುತ್ತದೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ದುಡಿಮೆಯ ಸಲಕರಣೆಗಳು ನಿಸಾಬಿನ ಲೆಕ್ಕಕ್ಕೆ ಬರುವುದಿಲ್ಲವೆಂದು ನಮ್ಮ ಹನಫಿ ಫಿಕ್ಹ್‌ನಲ್ಲಿ ಸ್ಪಷ್ಟವಿದೆ. ಆ ಮಗ್ಗಗಳಾದರೋ ಕೆಸರಿನಲ್ಲಿದ್ದವು. ಝಕಾತ್ ಹಣ ಹಕ್ಕುದಾರರ ಕೈಗೆ ಸೇರಿ ಅವರದೇ ಆಗಬೇಕಾದ್ದರಿಂದ ಅದನ್ನು ಕಾಲೇಜಿಗೆ ಕಟ್ಟದೆ ಹುಡುಗಿಗೇ ಕೊಟ್ಟೆವು, ಅವಳು ಕಟ್ಟಿದಳು. ಉರುಸಿನ ಶಾಮಿಯಾನಕ್ಕೆ ಹತ್ತು ನಿಮಿಷದಲ್ಲಿ ಒಪ್ಪಿಗೆ ಕೊಡುವ ಸಭೆಗಳು ಇಂಥದ್ದಕ್ಕೆ ಎರಡು ವಾರ ಚರ್ಚಿಸುತ್ತವೆ. ಕುರ್‌ಆನಿನ ಅಲ್‌ಬಕರ ಅಧ್ಯಾಯದ 273ನೇ ವಚನ ವರ್ಣಿಸುವುದು, ಸ್ವಾಭಿಮಾನದಿಂದ ಸುಮ್ಮನಿರುವುದರಿಂದ ತಿಳಿಯದವರ ಕಣ್ಣಿಗೆ ಉಳ್ಳವರಂತೆ ಕಾಣುವ ಬಡವರನ್ನು. ಅವರನ್ನು ಗುರುತಿಸುವ ಹೊಣೆ ನೋಡುವವರದು. ಇಮಾಮ್ ಅಬೂ ಹನೀಫಾ(ರಹ) ತಮ್ಮ ಬಡ ಶಿಷ್ಯ ಅಬೂ ಯೂಸುಫ್(ರಹ) ಅವರಿಗೆ, ಅವರು ಬಾಯಿಬಿಟ್ಟು ಕೇಳುವ ಮುಂಚೆಯೇ, ಹಣ ತೀರುವ ಹೊತ್ತನ್ನು ಅಂದಾಜಿಸಿ ಮತ್ತೆ ಮತ್ತೆ ಕೊಡುತ್ತಿದ್ದರೆಂದು ಚರಿತ್ರೆಯಲ್ಲಿ ಓದುತ್ತೇವೆ. ಆ ಶಿಷ್ಯ ಮುಂದೆ ಬಗ್ದಾದಿನ ಮುಖ್ಯ ನ್ಯಾಯಾಧೀಶರಾದರು. ಇಮಾಮ್ ಗಝಾಲಿಯವರೂ(ರಹ) ಅವರ ತಮ್ಮನೂ, ತಂದೆ ಬಿಟ್ಟುಹೋಗಿದ್ದ ಹಣ ಪೋಷಕರ ಕೈಯಲ್ಲಿ ತೀರಿಹೋದ ಮೇಲೆ, ಅನ್ನ ಸಿಗುತ್ತದೆಂಬ ಕಾರಣಕ್ಕೇ ಮದ್ರಸ ಸೇರಿದವರು. ಅಂದಿನ ಮದ್ರಸಗಳ ಹಿಂದೆ ವಕ್ಫ್ ಇತ್ತು; ಓದುವವನ ಊಟ ಅಲ್ಲಿ ಯಾರ ಉಪಕಾರವೂ ಆಗಿರಲಿಲ್ಲ.

ಉಳಿದ 11,000ವನ್ನು ಮಗ ಇಳಕಲ್ಲಿನ ಬೇರೊಂದು ಘಟಕದಲ್ಲಿ ದುಡಿದು ಎರಡು ಕಂತಿನಲ್ಲಿ ಕಟ್ಟಿದನು. ಮರುವರ್ಷ ಹೊಸ ಆರ್‌ಡಿ ಸಂಖ್ಯೆಯೊಡನೆ ವಿದ್ಯಾರ್ಥಿವೇತನಕ್ಕೂ ವಿದ್ಯಾಸಿರಿಗೂ ಅರ್ಜಿ ಹೋಯಿತು. ವಿದ್ಯಾಸಿರಿಯೆಂದರೆ ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆಂದು ನೆರವು ಕೊಡುವ ಯೋಜನೆ; ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದರು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವನ್ನೂ ವಿಚಾರಿಸಿದೆವು. ಅದಕ್ಕೆ ವಿಧಿಸುವ ಶೇಕಡಾ 2ರ ಸೇವಾ ಶುಲ್ಕವು ಬಡ್ಡಿಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅದನ್ನು ತಮ್ಮ ಊರಿನ ಮುಫ್ತಿಗಳ ಬಳಿ ಕೇಳಿ ತೀರ್ಮಾನಿಸಲಿ. ಈ ಕುಟುಂಬಕ್ಕೆ ಅದರ ಅಗತ್ಯ ಬೀಳಲಿಲ್ಲ. ಇನ್ನೊಂದು ಮಾತು: ನಮ್ಮ ಪಿಂಜಾರ-ನದಾಫ್ ಕುಟುಂಬಗಳು ಪ್ರವರ್ಗ-1ರಲ್ಲಿ ಬರುತ್ತವೆ. ಜಾತಿ ಪ್ರಮಾಣಪತ್ರದಲ್ಲಿ ಬರೀ 'ಮುಸ್ಲಿಮ್' ಎಂದು ಬರೆಸಿಕೊಂಡು ಆ ಸೌಲಭ್ಯ ಕಳೆದುಕೊಂಡವರನ್ನು ನಾವು ಪ್ರತಿ ವರ್ಷ ಕಾಣುತ್ತೇವೆ.

ಹುಡುಗಿ ಮೂರನೆಯ ವರ್ಷಕ್ಕೆ ಬಂದಾಗ ತಂದೆ ಮತ್ತೊಮ್ಮೆ ಮದ್ರಸಕ್ಕೆ ಬಂದರು. ಇಳಕಲ್ಲಿನಲ್ಲಿ ಬಾಡಿಗೆ ಮನೆ ಹಿಡಿದು ಒಂದು ಮಗ್ಗ ಹೂಡಿದ್ದರು, ಅದೇ ಸಾಹುಕಾರರ ನೂಲು. ಹಮಾಲಿ ಬಿಟ್ಟಿದ್ದರು. ಅದೇ ಪ್ಲಾಸ್ಟಿಕ್ ಚೀಲ ತೆಗೆದು, ಟ್ರಸ್ಟಿಗೆ ಇನ್ನೊಂದು ಪತ್ರ ಬರೆಯಬೇಕು ಎಂದರು. ಏನಾಯಿತೆಂದು ಕೇಳಿದೆವು. 'ಆಧಾರ ಸಿಗೋತನಕ ಅಂತ ಹೇಳಿದ್ರಲ್ರೀ ಹಜ್ರತ್. ಈಗ ಸ್ವಲ್ಪ ಸಿಕ್ಕೈತಿ. ಪೂರ್ತಿ ಬ್ಯಾಡ ಅಂತ ಬರೀಲಿಕ್ಕ ಆಗೋದಿಲ್ಲ, ಇನ್ನೊಂದು ವರ್ಷ ಬೇಕು. ಆದ್ರ ಅಷ್ಟು ಬ್ಯಾಡ.' ಅಂದು ಇಶಾ ನಮಾಝಿನವರೆಗೂ ಕುಳಿತು, ತಿಂಗಳಿಗೆ ಎಷ್ಟು ಸೀರೆ ಇಳಿಯುತ್ತದೆ, ಬಾಡಿಗೆ ಎಷ್ಟು, ನೂಲಿನ ಬಾಕಿಗೆ ಎಷ್ಟು ಹೋಗುತ್ತದೆ ಎಂದು ಬರೆದು ಕೂಡಿಸಿ, 35,000ದಲ್ಲಿ ಎಷ್ಟನ್ನು ಬಿಟ್ಟುಕೊಡಬಹುದೆಂದು ಲೆಕ್ಕ ಹಾಕಿದೆವು. 12,000 ಎಂದು ನಾವು ಹೇಳಿದೆವು. ಅವರು 15,000 ಎಂದು ಬರೆಸಿದರು.